ಮತದಾನ ಮುಗಿಯೂತನಕ ಗೋಷ್ಠಿ ಬಂದ್ ಇಡಬೇಕೇನ್ರಿ?

ನವನಗರದಾಕಿ (ಏಪ್ರಿಲ್ 16, 2024)

ಶರಣು ಶರಣಾರ್ಥಿ. ಬಾಗಲಕೋಟೆ ನವನಗರದಿಂದ ಬರ್ಯಾಕತ್ತೀನಿ. ಒಂದು ಸಲಹಾ ಬೇಕು. ಬೈದ್ರೂ ನಡೀತೈತಿ, ಸುತ್ತಿ ಬಳಸಿ ಮಾತ್ರ ಹೇಳಬ್ಯಾಡ್ರಿ.

ನಮ್ಮದು ಸೋಮವಾರದ ಶಿವಾನುಭವ ಗೋಷ್ಠಿ. ಸಂಜಿ 7ಕ್ಕ ಶುರು, ಎಂಟೂವರಿಗೆ ದಾಸೋಹ. ಆಲಮಟ್ಟಿ ಹಿನ್ನೀರಿಗೆ ಊರು ಮುಳುಗಡೆ ಆದಾಗ ಹಳೇ ಬಾಗಲಕೋಟ್ಯಾಗ ಒಂದ ಓಣ್ಯಾಗ ಬೆಳೆದವರು ಇಲ್ಲಿ ಒಬ್ಬೊಬ್ಬರು ಒಂದೊಂದು ಸೆಕ್ಟರಿಗೆ ಹಂಚಿ ಹೋದ್ವಿ. ವಾರಕ್ಕೊಮ್ಮೆರ ಮಾರಿ ಮಾರಿ ನೋಡೂಣು ಅಂತ ನಮ್ಮ ಮಾವನಾರು ಮನಿ ಪಡಸಾಲ್ಯಾಗ ಚಾಲೂ ಮಾಡಿದ್ದು. ಈಗ ಒಂದು ಸಣ್ಣ ಹಾಲ್ ಐತಿ. ಮ್ಯಾಲ ತಗಡು, ಕೆಳಗ ಎರಡು ಜಮಖಾನಿ, ಒಂದು ಹಾರ್ಮೋನಿಯಂ (ಅದರಾಗ ಎರಡು ಮನಿ ಒದರಂಗಿಲ್ಲ). ಹಾಲಿನ ಕೀಲಿ ನನ್ನ ಕಡೆ. ದಾಸೋಹದ ಪಾಳಿ ಹಚ್ಚಾಕಿನೂ ನಾನ.

ನಮ್ಮಲ್ಲಿ ಯಾವ ಪೈಕಿ, ಲಿಂಗಾ ಕಟ್ಟೀರೇನು ಅಂತ ಯಾರೂ ಕೇಳಂಗಿಲ್ಲ. ಸೂತಕ ಅನ್ನೂದಿಲ್ಲ, ಮುಟ್ಟಾದಾಕಿ ಹೊರಗ ಕುಂದ್ರಬೇಕು ಅನ್ನೂದಿಲ್ಲ. ಗಂಡನ್ನ ಕಳಕೊಂಡಾಕಿ ಕೈಲೆ ದೀಪಾ ಹಚ್ಚಸ್ತೀವಿ. ಒಬ್ಬಾಕಿ ನರ್ಸಬಾಯಿ ಬರ್ತಾರ, ರವಿವಾರ ಚರ್ಚಿಗೆ, ಸೋಮವಾರ ಇಲ್ಲಿಗೆ. ಇನ್ನೊಬ್ಬರು ಉರ್ದು ಶಾಲಿ ಮಾಸ್ತರು. ಆರು ವರ್ಷದಿಂದ ವಾರದ ವಚನಾ ಹಲಗಿ ಮ್ಯಾಲ ಬರಿಯೂದು ಅವರದ ಕೆಲಸ. ನಮ್ಮ ಪೈಕಿ ಯಾರಿಗೂ ಅಂಥಾ ಅಕ್ಷರ ಇಲ್ಲ. ಹೋದ ವರ್ಷ ರಂಜಾನದಾಗ ಅವರು ರೋಜಾ ಬಿಟ್ಟು ಬರ್ಲಿ ಅಂತ ಗೋಷ್ಠಿ ಅರ್ಧಾ ತಾಸು ಹಿಂದ ಹಾಕಿದ್ವಿ. ಬಂದು ಬರದು, ಖಜೂರ ಹಂಚಿ, ನಮಾಜಿಗೆ ಹೋಗ್ತಿದ್ರು.

ಈಗ ಗದ್ಲ ಕೇಳ್ರಿ. ಯುಗಾದಿ ಮರುದಿನ, ಅಂದ್ರ ಈದ್ ಹಿಂದಿನ ದಿನ, ನಮ್ಮ ಗೋಷ್ಠಿಯ ವಾಟ್ಸಪ್ ಗ್ರುಪ್ಪಿನ್ಯಾಗ ಒಬ್ಬರು ಹಿರಿಯರು ಒಂದು ಫಾರ್ವರ್ಡ್ ಹಾಕಿದ್ರು. ಯಾರ ಅಂಗಡ್ಯಾಗ ಏನ ಕೊಳ್ಳಬಾರದು, ಯಾರಿಗೆ ವೋಟ್ ಹಾಕಿದ್ರ ಏನ ಆಗತೈತಿ ಅನ್ನೂ ಥರದ್ದು. ಪೂರಾ ಬರಿಯಾಂಗಿಲ್ಲ, ಮತ್ತ್ಯಾಕ ಹರಡೂದು. 40 ನಿಮಿಷದ ಮ್ಯಾಲ ಅಡ್ಮಿನ್ ಅಳಿಸಿದ್ರು. ಅಷ್ಟರಾಗ 11 ಮಂದಿ ಕೈ ಮುಗಿದಿದ್ರು! ನಮ್ಮ ಗ್ರುಪ್ಪಿನ್ಯಾಗ ಏನ ಹಾಕಿದ್ರೂ ಕೈ ಮುಗಿಯೂದು ಚಾಳಿ. ಹುಟ್ಟಹಬ್ಬಕ್ಕೂ ಅದ, ತೀರಿಕೊಂಡ ಸುದ್ದಿಗೂ ಅದ. ಮಾಸ್ತರು ಒಂದ ಮಾತು ಅನ್ನಲಿಲ್ಲ, ಗ್ರುಪ್ಪೂ ಬಿಡಲಿಲ್ಲ. ನಿನ್ನೆ ಸೋಮವಾರ ಬರಲಿಲ್ಲ ಅಷ್ಟ. ಹಲಗಿ ಮ್ಯಾಲ ಇನ್ನೂ 8ನೇ ತಾರೀಖಿನ ವಚನಾನ ಐತಿ.

ಹಾಕಿದವರೂ ಕೆಟ್ಟ ಮನಿಷ್ಯಾ ಅಲ್ಲರಿ. ಕೊರೋನಾದಾಗ ಮನಿಮನಿಗೆ ಔಷಧ ಒಯ್ದು ಕೊಟ್ಟಾರ, ಮಾಸ್ತರ ಮನಿಗೂ.

ಇದರ ಮ್ಯಾಲ ಇನ್ನೊಂದು. ಶನಿವಾರ ಒಬ್ಬ ಅಭ್ಯರ್ಥಿ ಕಡೆಯವರು ಬಂದಿದ್ರು. (ಯಾರು ಅಂತ ಕೇಳಬ್ಯಾಡ್ರಿ.) 60 ಪ್ಲಾಸ್ಟಿಕ್ ಕುರ್ಚಿ ಕೊಡ್ತೀವಿ, ಗೆದ್ದ ಮ್ಯಾಲ ತಗಡ ತಗದು ಸ್ಲ್ಯಾಬ್ ಹಾಕಸ್ತೀವಿ, ಸಾಹೇಬ್ರು ಒಂದ ಸೋಮವಾರ ಬಂದು ಎರಡು ನಿಮಿಷ ಕೈ ಮುಗದು ಹೋಗ್ತಾರ ಅಂದ್ರು. ಖರೇ ಹೇಳ್ತೀನಿ, ಕುರ್ಚಿ ಅಂದಕೂಡ್ಲೆ ನನಗ ಆಸೆ ಆತು. ನಮ್ಮಲ್ಲಿ ಅರ್ಧಕ್ಕರ್ಧ ಮಂದಿಗೆ ಮೊಣಕಾಲು ಇಲ್ಲ. ಕುಂತ್ರ ಏಳಾಕ ಇಬ್ಬರು ಹಿಡಿಬೇಕು.

ಕೆಲವರು "ಅವರನ್ನ ಕರದ್ರ ನಮ್ಮವರನ್ನೂ ಕರೀರಿ" ಅಂತಾರ. ಹಿರಿಯರು "ರಾಜಕೀಯ ತಗದಾಂವ ಹೊರಗ" ಅಂತ ನಿಯಮ ಮಾಡೂಣು ಅಂತಾರ. ಆದ್ರ ರಾಜಕೀಯ ಅಂದ್ರ ಯಾವುದ್ರಿ? ಫಾರ್ವರ್ಡ್ ಹಾಕಿದವರು "ಅದು ರಾಜಕೀಯ ಅಲ್ಲ, ಮಾಹಿತಿ" ಅಂತಾರ. ನರ್ಸಬಾಯಿ ತಮ್ಮ ದವಾಖಾನ್ಯಾಗ ಗುಳಿಗಿ ಇಲ್ಲ ಅಂದ್ರ "ಬಾಯಾರ, ಇಲ್ಲಿ ರಾಜಕೀಯ ಬ್ಯಾಡ" ಅಂತಾರ.

ಮೇ 7ಕ್ಕ ವೋಟಿಂಗ್, 10ಕ್ಕ ಬಸವ ಜಯಂತಿ. ಮೂರು ಸೋಮವಾರ ಕೀಲಿ ಹಾಕಿ ಸುಮ್ಮ ಕುಂದ್ರಲೇನು?

ನಿವೃತ್ತ ಸೆಕ್ಟರ್ ಅಧಿಕಾರಿ, ಬೆಳಗಾವಿ

ಅಕ್ಕಾವ್ರೆ, ನಿಮ್ಮ ಸೆಕ್ಟರ್ ಬೇರೆ, ನಮ್ಮ ಸೆಕ್ಟರ್ ಬೇರೆ. ಹತ್ತಿಪ್ಪತ್ತು ಮತಗಟ್ಟೆಗಳನ್ನು ಸುತ್ತುವ ಚುನಾವಣಾ ಕೆಲಸ ನನ್ನದಾಗಿತ್ತು. ಕುರ್ಚಿಯ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ತೆಗೆದುಕೊಳ್ಳಬೇಡಿ. ಮಾರ್ಚ್ 16ರಿಂದ ನೀತಿ ಸಂಹಿತೆ ಜಾರಿಯಲ್ಲಿದೆ. ಪೂಜಾ ಸ್ಥಳಗಳನ್ನು ಪ್ರಚಾರದ ವೇದಿಕೆ ಮಾಡಬಾರದು ಎಂದು ಅದರಲ್ಲೇ ಇದೆ. ಸಂಹಿತೆಗೆ ಹಲ್ಲಿಲ್ಲ ಎಂದು ಯಾರಾದರೂ ನಕ್ಕರೆ 1988ರ ಧಾರ್ಮಿಕ ಸಂಸ್ಥೆಗಳ ದುರ್ಬಳಕೆ ತಡೆ ಕಾಯ್ದೆ ತೋರಿಸಿ. ಸಂಸ್ಥೆಯ ಜಾಗವನ್ನು ರಾಜಕೀಯ ಚಟುವಟಿಕೆಗೆ ಬಿಟ್ಟುಕೊಟ್ಟ ವ್ಯವಸ್ಥಾಪಕರಿಗೆ 5 ವರ್ಷದವರೆಗೆ ಸೆರೆ, 10 ಸಾವಿರದವರೆಗೆ ದಂಡ. ವ್ಯವಸ್ಥಾಪಕರು ಅಂದರೆ ಯಾರು? ಕೀಲಿಕೈ ಯಾರ ಹತ್ತಿರ ಇದೆಯೋ ಅವರನ್ನೇ ಮೊದಲು ಕೇಳುತ್ತಾರೆ. ಹೆದರಿಸುತ್ತಿಲ್ಲ, ಬಂದವರಿಗೆ ಹೇಳಲು ನಿಮಗೊಂದು ಮಾತು ಕೊಡುತ್ತಿದ್ದೇನೆ. "ನನಗೇನೂ ಅಡ್ಡಿಯಿಲ್ಲ ಸಾಹೇಬ್ರ, ಕಾಯ್ದೆ ಬಿಡೂದಿಲ್ಲ" ಎಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. ನನ್ನ ನೌಕರಿಯುದ್ದಕ್ಕೂ ಇದೇ ಮಾತು ನನ್ನನ್ನು ಕಾಯ್ದಿದೆ.

ಮತಕ್ಕಾಗಿ ಕೊಟ್ಟ ವಸ್ತು ಲಂಚ. ಕೊಟ್ಟವರಷ್ಟೇ ಅಲ್ಲ, ತೆಗೆದುಕೊಂಡವರೂ ತಪ್ಪಿತಸ್ಥರು. ಒತ್ತಾಯ ಹೆಚ್ಚಾದರೆ ಚುನಾವಣಾ ಆಯೋಗದ ದೂರಿನ ಆ್ಯಪ್ ಸಿ-ವಿಜಿಲ್‌ನಲ್ಲಿ ಫೋಟೋ ಹಾಕಿ, 100 ನಿಮಿಷದೊಳಗೆ ಕ್ರಮ ಆಗಬೇಕೆಂಬ ಲೆಕ್ಕವಿದೆ. ಅಭ್ಯರ್ಥಿ ಎಲ್ಲರಂತೆ ಬಂದು ಜಮಖಾನೆಯ ಮೇಲೆ ಕೂತು ರೊಟ್ಟಿ ತಿಂದು ಹೋದರೆ ಅದು ಅಪರಾಧವಲ್ಲ. ಆದರೆ ಯಾರೂ ಹಾಗೆ ಬರುವುದಿಲ್ಲ. ಹಿಂದೆ ಮೂವರು ವಿಡಿಯೋ ಮಾಡುವವರು ಇರುತ್ತಾರೆ.

ಇನ್ನೊಂದು. ಧರ್ಮದ ಹೆಸರಲ್ಲಿ ಮತ ಕೇಳುವುದು ಭ್ರಷ್ಟ ಆಚರಣೆ ಎಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲೇ ಇದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರರ ಧರ್ಮವೂ ಅದರಲ್ಲಿ ಬರುತ್ತದೆ ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಹೇಳಿತು. ನಿಮ್ಮ ಹಿರಿಯರ "ಮಾಹಿತಿ"ಗೆ ಇಷ್ಟು ಮಾಹಿತಿ ಸಾಕು.

ಇಳಕಲ್ಲ ಮಗ್ಗ

ಅಕ್ಕಾರ, ಬಂದ್ ಇಡಬ್ಯಾಡ್ರಿ. ನಾವು 2018ರಾಗ ಇಟ್ಟು ಕೆಟ್ವಿ.

ಆ ವರ್ಷ ನೆನಪೈತಲ್ರಿ. ಮಾರ್ಚ್ 19ಕ್ಕ ರಾಜ್ಯ ಸರ್ಕಾರ ಲಿಂಗಾಯತ ಸ್ವತಂತ್ರ ಧರ್ಮಕ್ಕ ಶಿಫಾರಸು ಮಾಡ್ತು, ಮೇ 12ಕ್ಕ ವಿಧಾನಸಭಾ ವೋಟು. ನಡುವಿನ ಎರಡು ತಿಂಗಳು ನಮ್ಮ ಮಂದಿ ಒಬ್ಬರ ಮಾರಿ ಒಬ್ಬರು ನೋಡಲಿಲ್ಲ. ನಮ್ಮ ಮನ್ಯಾಗ ನಮ್ಮ ದೊಡ್ಡಪ್ಪ "ವೀರಶೈವ-ಲಿಂಗಾಯತ ಒಂದ", ನಮ್ಮ ಅಪ್ಪ "ಲಿಂಗಾಯತನ ಬ್ಯಾರೆ". ಅಣ್ಣತಮ್ಮ ಇಬ್ಬರೂ ಒಂದ ಮಗ್ಗದ ಕುಣ್ಯಾಗ ಪಾಳಿ ಪ್ರಕಾರ ಕುಂದ್ರಾವರು. ಒಬ್ಬರು ಎದ್ದು ಹೋದ ಮ್ಯಾಲ ಇನ್ನೊಬ್ಬರು ಬಂದು ಲಾಳಿ ಹಿಡೀತಿದ್ರು, ಮಾತಿಲ್ಲ ಕತಿಯಿಲ್ಲ. ಅದ ಸೀರಿಗೆ ಅರ್ಧಾ ಒಬ್ಬರ ನೇಯ್ಗಿ, ಅರ್ಧಾ ಒಬ್ಬರದು. ಅವ್ವ ಅಂತಿದ್ಲು, "ಸೀರಿ ಹರದಿಲ್ಲ, ನೀವ್ಯಾಕ ಹರಕೊಂಡೀರಿ?"

ಆಗ ಗದ್ಲ ಬ್ಯಾಡ ಅಂತ ನಾವು ಗೋಷ್ಠಿ ನಿಂದ್ರಿಸಿದ್ವಿ. ಏನಾತು ಅಂದ್ರ, ಕೂಡೂ ಜಾಗಾ ಒಂದ ಇತ್ತು, ಅದೂ ಹೋತು. ಜಗಳ ಎಲ್ಲಾ ಮೊಬೈಲಿನ್ಯಾಗ ಹೋಗಿ ಕುಂತ್ತು. ಎದುರಿಗೆ ಕುಂತ್ರ ಆಡಲಾರದ ಮಾತು ಅಲ್ಲಿ ಆಡಿದ್ರು. ಹೊಳ್ಳಿ ಚಾಲೂ ಮಾಡಾಕ ಶ್ರಾವಣ ಬರಬೇಕಾತು.

2019ರ ಚುನಾವಣಿಗೆ ಒಂದು ಉಪಾಯ ಮಾಡಿದ್ವಿ. ನಮ್ಮೂರ ಮಹಾಂತ ಅಪ್ಪಾವ್ರು ಜೋಳಿಗಿ ಹಿಡಕೊಂಡು ಮನಿಮನಿಗೆ ಹೋಗಿ ನಿಮ್ಮ ಕುಡಿಯೂ ಚಟಾ, ಗುಟಕಾ ಚಟಾ ಭಿಕ್ಷಾ ಹಾಕ್ರಿ ಅಂತ ಬೇಡ್ತಿದ್ದದ್ದು ಎಲ್ಲಾರಿಗೂ ಗೊತ್ತು. ನಾವೂ ಬಾಗಲಾಗ ಒಂದು ಜೋಳಿಗಿ ತೂಗ ಹಾಕಿದ್ವಿ, ಒಳಗ ಬರಾವರು ಮೊಬೈಲ್ ಅದರಾಗ ಹಾಕಿ ಬರಬೇಕು. ಮೊದಲನೇ ವಾರ ಎಲ್ಲಾರೂ ನಕ್ಕರು. ಎರಡನೇ ವಾರ ಒಬ್ಬರ ಫೋನ್ ಅದಲಿ ಬದಲಿ ಆಗಿ ಮತ್ತೊಂದು ಜಗಳ ಆತು, ಅದು ಬ್ಯಾರೆ ಮಾತು. ದಾಸೋಹದ ಪಾಳಿನೂ ಬದಲ ಮಾಡಿದ್ವಿ. ಒಂದ ಪಕ್ಷದ ಇಬ್ಬರನ್ನ ಒಂದ ಒಲಿ ಮುಂದ ಕುಂದ್ರಸಲಿಲ್ಲ. ಜುಣಕಾಕ್ಕ ಉಪ್ಪು ಎಷ್ಟು ಅಂತ ಜಗಳಾಡಿದ್ರ ಮೋದಿ-ರಾಹುಲ್ ನೆನಪಾಗಂಗಿಲ್ಲ.

ಗುಮ್ಮಟದ ಹಿಂದಿನಾಂವ, ವಿಜಯಪುರ

ಎಲ್ಲಾರೂ ಚಲೋ ಹೇಳೀರಿ. ನಂದು ಸ್ವಲ್ಪ ಖಾರ ಆಗತೈತಿ.

ನಾನೂ ಇಂಥಾದ್ದ ಒಂದು ಗೋಷ್ಠಿಗೆ ಎಂಟು ವರ್ಷ ಹೋದಾಂವ. ನನ್ನ ವೋಟು ಅಲ್ಲಿ ಬಹಳ ಮಂದಿ ಹಾಕೂ ಕಡೆ ಅಲ್ಲ. ಅದು ಎಲ್ಲಾರಿಗೂ ಗೊತ್ತಿತ್ತು. ಯಾರೂ ಬೈಲಿಲ್ಲ, ಹೊರಗ ಹೋಗು ಅನಲಿಲ್ಲ. ಬರೇ ನಗತಿದ್ರು. "ನೋಡ್ರಿ ಬಂದ್ರು ನಿಮ್ಮ ಭಕ್ತರು" ಅನ್ನೂದು, ಚಾ ಕೊಡೂವಾಗ ಒಂದು ಚಾಟಿ, ಅನುಭಾವದ ನಡುವ ಒಂದು ಉದಾಹರಣಿ. ಉದಾಹರಣಿ ಕೊಡೂವಾಗ ಎಲ್ಲಾರೂ ನನ್ನ ಕಡೆ ನೋಡೂದು. ಎಲ್ಲಾರೂ ನಮ್ಮವರು ಅಂತ ಹಾಡಿ ಮುಗಿಸಿ ಹತ್ತು ನಿಮಿಷ ಆಗಿರ್ತಿರಲಿಲ್ಲ. 2019ಕ್ಕ ಬಿಟ್ಟೆ.

ಅಕ್ಕಾರ, ನಿಮ್ಮ ಮಾಸ್ತರು ಬಿಟ್ಟಿದ್ದು ನಿಮಗ ಕಂಡ್ತು, ಅದು ನಿಮ್ಮ ದೊಡ್ಡತನ. ನಾ ಬಿಟ್ಟಿದ್ದು ಯಾರಿಗೂ ಕಾಣಲಿಲ್ಲ. ಮನಿ ಕೆಲಸ ಇರಬೇಕು ಅಂದುಕೊಂಡ್ರು. ನಿಮ್ಮಲ್ಲೂ ಅಂಥಾವರು ಇದ್ದಾರೇನು ಎಣಿಸಿ ನೋಡ್ರಿ.

ಫಾರ್ವರ್ಡ್ ಹಾಕಿದವರು ತಪ್ಪ ಮಾಡ್ಯಾರ, ನಾ ಅವರ ಪರ ಅಲ್ಲ. ಆದ್ರ ಒಂದ ಕೇಳ್ತೀನಿ. ಆ 40 ನಿಮಿಷದಾಗ ನೀವು ಏನ ಮಾಡಿದ್ರಿ?

ಕುರ್ಚಿ ಮಾತು ಬಿಡ್ರಿ. ನಮ್ಮೂರ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಾವ್ರು ಅಂಗಿಗೆ ಕಿಸೇನ ಇಟಗೊಂಡಿರಲಿಲ್ಲ, 2018ರಾಗ ಪದ್ಮಶ್ರೀ ಬಂದ್ರೂ ಒಲ್ಲೆ ಅಂದ್ರು. 60 ಕುರ್ಚಿ ಯಾವ ಲೆಕ್ಕ.

ನವನಗರದಾಕಿ (ಏಪ್ರಿಲ್ 23)

ಉತ್ತರಾ ಕೊಡಾಕ ವಾರ ಹಿಡೀತು. ಗುಮ್ಮಟದ ಅಣ್ಣಾರ ಪ್ರಶ್ನೆ ನನ್ನ ನಿದ್ದಿ ಕೆಡಿಸಿತು.

ಆ 40 ನಿಮಿಷದಾಗ ನಾ ಏನ ಮಾಡಿದ್ನಿ? ಕೈ ಮುಗಿದಿದ್ನಿ. 11ರಾಗ ಒಂದು ನಂದು. ಮೊದಲ ಬರಿಯೂವಾಗ ಮುಚ್ಚಿಟ್ಟೆ. ಹೋಳಿಗಿ ಬೇಯಿಸ್ಕೋತ ಒಂದ ಕೈಲೆ ಫೋನ್ ಹಿಡದಿದ್ನಿ, ಮ್ಯಾಲ ಯುಗಾದಿ ಶುಭಾಶಯದ ಚಿತ್ರ ಇತ್ತು, ಕೆಳಗಿಂದು ಓದಲಿಲ್ಲ. ಮಾಸ್ತರು ಮಾತ್ರ ಹೆಸರು ಓದಿರ್ತಾರ.

ಅವರ ಮನಿಗೆ ಹೋಗಿದ್ದೆ. ಈ ಮಾತ ಹೇಳಿದ್ನಿ. ಅವರು ಸುಮ್ಮ ಕೇಳಿದ್ರು. "ಅಕ್ಕಾ, ನಿಮ್ಮ ಹೆಸರು ನೋಡಿ ನಾ ಎರಡು ಸಲ ಓದಿದೆ, ನನಗ ತಿಳಿಯಲಾರದ್ದು ಏನರ ಐತೇನು ಅಂತ" ಅಂದ್ರು. ಅದಕ್ಕಿಂತ ಬೈದಿದ್ರ ಚಲೋ ಇತ್ತು. ಬರ್ತೀನಿ ಅನ್ನಲೂ ಇಲ್ಲ, ಬರಾಂಗಿಲ್ಲ ಅನ್ನಲೂ ಇಲ್ಲ. ಅವರ ಮನಿಯಾಕಿ ಸುರಕುಂಬಾ ಕೊಟ್ರು, ಕುಡದು ಬಂದೆ.

ಆಮ್ಯಾಲ ಪಾಳಿ ವಹಿ ತಗದು ಎಣಿಸಿದೆ. ಹೋದ ವರ್ಷ ವಿಧಾನಸಭಾ ಚುನಾವಣಿ ಆದ ಮ್ಯಾಲ ಇಬ್ಬರು ಗಂಡ-ಹೆಂಡತಿ ಬಂದಿಲ್ಲ. ಮಗಳ ಹತ್ತನೇತ್ತ ಪರೀಕ್ಷಾ ಅಂತ ನಾನ ಎಲ್ಲಾರಿಗೂ ಹೇಳ್ಕೋತ ಬಂದೀನಿ. ಆ ಹುಡುಗಿ ಈಗ ಪಿಯುಸಿ! ಅವರ ಮನಿಗೂ ಹೋದೆ. ಆಕಿ ಬಾಗಲಾಗ ನಿಂತ ಅಂದ್ಲು, "ಅಕ್ಕಾರ, ಫಲಿತಾಂಶ ಬಂದ ಮ್ಯಾಲಿನ ಸೋಮವಾರ ದಾಸೋಹದಾಗ ಯಾರೋ ಪೇಡೆ ಹಂಚಿದ್ರಲ್ಲ, ನಮ್ಮವರ ಎಲಿಗೆ ಎರಡು ಹಾಕಿ ನಕ್ಕರು." ಆ ಪೇಡೆ ತಂದಾಕಿ ನಾ ಅಲ್ಲ. ನಕ್ಕಾಕಿ ಇರಬಹುದು.

ಕುರ್ಚಿಯವರಿಗೆ ಕಾಯ್ದೆ ಮಾತ ಹೇಳಿದೆ, ಅಧಿಕಾರಿ ಸಾಹೇಬ್ರ ಹೇಳಿದ್ದು ಖರೇ, ಸಿಟ್ಟಾಗಲಿಲ್ಲ. "ರಾಜಕೀಯ ತಗದಾಂವ ಹೊರಗ" ಅನ್ನೂ ನಿಯಮಾನೂ ಬ್ಯಾಡ ಅಂದೆ. ಗುಳಿಗಿ ಇಲ್ಲ ಅಂದ್ರ ಮಾತಾಡೂಣು, ರೇಟು, ನೀರು, ಪರಿಹಾರ ಎಲ್ಲಾ ಮಾತಾಡೂಣು. ಅಲ್ಲೇ ಕುಂತಾವರ ಎದುರಿಗೆ ಹೇಳಲಾರದ ಮಾತನ್ನ ಅವರ ಹಿಂದ ಆಡೂದು ಬ್ಯಾಡ. ಗ್ರುಪ್ಪಿನ್ಯಾಗ ಇನ್ನ ಮ್ಯಾಲ ವಾರದ ಪಾಳಿ, ಸಾವು-ನೋವು, ಇಷ್ಟ. ಹಿರಿಯರು ಒಪ್ಪಿದ್ರು, ಮನಸಿನಿಂದೋ ಹಸಿವಿಗೋ ಗೊತ್ತಿಲ್ಲ, ರಾತ್ರಿ 10 ಆಗಿತ್ತು.

ಫಾರ್ವರ್ಡ್ ಹಾಕಿದವರು ಮಾಸ್ತರಿಗೆ ಫೋನ್ ಮಾಡ್ಯಾರಂತ. ಏನ ಮಾತಾಡಿದ್ರು ಇಬ್ಬರೂ ಹೇಳವಲ್ಲರು.

ಇಳಕಲ್ಲ ಮಗ್ಗ

ಜೋಳಿಗಿ ಹಾಕಿದ್ರೇನ್ರಿ?

ನವನಗರದಾಕಿ (ಮೇ 6, ರಾತ್ರಿ)

ಹಾಕಿದ್ವಿ. ಗೋದಿ ಚೀಲ. ಫೋನಿಗೆಲ್ಲಾ ಹೆಸರಿನ ಚೀಟಿ ಅಂಟಿಸಿ.

ಇವತ್ತ ಪ್ರಚಾರ ಬಂದ್ ಆಗಿ ಊರೆಲ್ಲಾ ಥಣ್ಣಗ ಐತಿ, ಬಿಸಲೊಂದ ಬಿಟ್ಟು. ಮಾಸ್ತರು ಬರಾಂಗ ಇರಲಿಲ್ಲ, ಅವರಿಗೆ ಎಲೆಕ್ಷನ್ ಡ್ಯೂಟಿ, ಮುಂಜಾನೇನ ಮಸ್ಟರಿಂಗಿಗೆ ಹೋಗ್ಯಾರ. ಹೋದ ಸೋಮವಾರ ಬಂದಿದ್ರು, ಹಿಂದ ಬಾಗಲ ಕಡೆ ಕುಂತಿದ್ರು, ಹಲಗಿ ಕಡೆ ಹೋಗಲಿಲ್ಲ. ಇವತ್ತ ನರ್ಸಬಾಯಿ ಬರದ್ರು. ಸಾಲು ಎಲ್ಲಾ ಏರಿಕೋತ ಹೋಗಿ ಕಡೀ ಸಾಲಿಗೆ ಜಾಗಾನ ಇಲ್ಲ.

ಗಂಡ-ಹೆಂಡತಿಯೊಳಗ ಹೆಂಡತಿ ಬಂದಿದ್ಲು. ಆಕಿನ್ನ ಫಾರ್ವರ್ಡ್ ಹಾಕಿದವರ ಮನಿಯಾಕಿ ಜೋಡಿ ಒಲಿ ಮುಂದ ಕುಂದ್ರಸಬಾರದು ಅಂತ ಇಳಕಲ್ಲ ತಮ್ಮನ ಮಾತು ನೆನಪಿತ್ತು. ಅದಕ್ಕ ನನ್ನ ಜೋಡಿ ಕುಂದ್ರಿಸಿಕೊಂಡೆ. ಉಪ್ಪಿನ ಮ್ಯಾಲ ಜಗಳ ಆತು, ಆಕಿದ ಸರಿ ಇತ್ತು.

ಮೊಣಕಾಲು ನೋವಿನವರಿಗೆ ಅಂತ ವಂತಿಗಿ ಕೂಡಿಸಿ ಹಳೇ ಕುರ್ಚಿ ಆರು ತಂದೀವಿ, ಶಾಮಿಯಾನದವರ ಕಡೆ. ಒಂದರ ಕಾಲು ಅಲಗಾಡತೈತಿ, ಅದರಾಗ ನಾ ಕುಂದರ್ತೀನಿ.

45 ಮಂದಿಗೆ ರೊಟ್ಟಿ ಬಡದಿದ್ವಿ, 31 ಮಂದಿ ಬಂದ್ರು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಹೆಸರಕಾಳ ಪಲ್ಯಾ ಉಳದಾವು. ನವನಗರದಾಗ ಎಲೆಕ್ಷನ್ ಡ್ಯೂಟಿಗೆ ಬಂದು ಇಳಕೊಂಡವರು ಯಾರರ ಇದನ್ನ ಓದಿದ್ರ ಬಂದು ಒಯ್ರಿ, ಹಾಲಿನ ಕೀಲಿ ಇನ್ನೂ ಹಾಕಿಲ್ಲ.