ವ್ಯಾಗನ್‌ಆರ್ ಸಾಕಾ, ಎಸ್‌ಯುವಿನೇ ಬೇಕಾ?

ಹಾಸನದವ: ಬೆಂಗಳೂರಿನಿಂದ ಆಗಾಗ ಊರಿಗೆ, ಮಳೆ ಬಂದರೆ ಆಫೀಸಿಗೆ, ನನ್ನ ಓಡಾಟ ಇಷ್ಟೇ. ವ್ಯಾಗನ್‌ಆರ್ ಸಾಕು ಅನಿಸುತ್ತದೆ. ಆದರೆ ಅಪ್ಪ "ನಾಲ್ಕು ಜನ ನೋಡ್ತಾರೆ, ದೊಡ್ಡದೇ ತಗೋ" ಅನ್ನುತ್ತಾರೆ. ಅದಕ್ಕಾಗಿ ಐದಾರು ಲಕ್ಷ ಜಾಸ್ತಿ ಸಾಲ ಮಾಡೋದು ಸರೀನಾ?

ಗೇರ್‌ಬಾಕ್ಸ್: ಆ ನಾಲ್ಕು ಜನ ಇಎಂಐ ಕಟ್ಟಲ್ಲ ಗುರು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%, ದೊಡ್ಡ ಪೆಟ್ರೋಲ್ ಕಾರಿಗೆ 40%. ಮೇಲಿಂದ ನಮ್ಮ ರಾಜ್ಯದ ರೋಡ್ ಟ್ಯಾಕ್ಸ್, ಕಾರಿನ ಬೆಲೆ ಏರಿದ ಹಾಗೆ ಅದರ ದರವೂ ಏರುತ್ತದೆ.

ಮಲೆನಾಡಿಗ: ಅಪ್ಪನೊಬ್ಬರನ್ನೇ ಬೈದು ಏನು ಪ್ರಯೋಜನ? ನ್ಯಾನೋ ನೆನಪಿದೆಯಾ? ಸ್ಕೂಟರ್ ಮೇಲೆ ಇಡೀ ಸಂಸಾರ ಹೋಗುವುದನ್ನು ನೋಡಿ ರತನ್ ಟಾಟಾ ಯೋಚಿಸಿದ ಕಾರು, 2008ರಲ್ಲಿ ಒಂದು ಲಕ್ಷದ ಕಾರು ಅಂತ ದೇಶವೇ ಕುಣಿಯಿತು, ಆಮೇಲೆ ಕೊಳ್ಳುವವರೇ ಕಡಿಮೆ. ಬೆಂಕಿ ಹತ್ತಿಕೊಂಡ ಸುದ್ದಿಗಳೂ ಹೊಡೆತ ಕೊಟ್ಟವು, ಒಪ್ಪುತ್ತೇನೆ. ಆದರೆ 'ಅತಿ ಅಗ್ಗದ ಕಾರು' ಅನ್ನೋ ಹಣೆಪಟ್ಟಿ ಹೊತ್ತು ಮದುವೆ ಮನೆ ಮುಂದೆ ಇಳಿಯೋಕೆ ಯಾರಿಗೆ ಇಷ್ಟ? 2018ಕ್ಕೆ ತಯಾರಿಕೆ ನಿಂತಿತು.

ತೋಟದ_ದಾರಿ: ಸುಮ್ನೆ ಶೋಕಿ ಅನ್ನಬೇಡಿ. ಮನೆವರೆಗೂ ಮಣ್ಣು ರಸ್ತೆ ಇದ್ದರೆ ಗ್ರೌಂಡ್ ಕ್ಲಿಯರೆನ್ಸ್ (ಕಾರಿನ ತಳ ನೆಲಕ್ಕೆ ತಾಗದಷ್ಟು ಎತ್ತರ) ಬೇಕು ಅಲ್ವಾ?

ಹಾಸನದವ: ಡಾಂಬರು ರಸ್ತೆ ಸರ್. ಶನಿವಾರ ಅಪ್ಪನನ್ನೇ ಟೆಸ್ಟ್ ಡ್ರೈವ್‌ಗೆ ಕರೆದುಕೊಂಡು ಹೋಗುತ್ತೇನೆ.