ಕಾರ್ಬೊರೇಟರ್ ಬಿಚ್ಚಿ ಜೋಡಿಸಿದೆ, ಈಗ ಚೋಕ್ ತೆಗೆದ ಕೂಡ್ಲೇ ಬೈಕ್ ಆಫ್

ಬದಿಯಡ್ಕದವ:
ಅಪ್ಪನ ಹಳೇ ಹೀರೋ ಹೋಂಡಾ ಸಿಡಿ 100 ಉಂಟು, ಜೂನಿನಿಂದ ಶೆಡ್ಡಲ್ಲಿ ಅಡಿಕೆ ಗೋಣಿಗಳ ಪಕ್ಕ ನಿಂತದ್ದು, ಮಳೆ ಬಿಟ್ಟ ಮೇಲೆ ಕಿಕ್ ಹೊಡೆದು ಹೊಡೆದು ಕಾಲು ನೋವು ಬಂದದ್ದು ಬಿಟ್ರೆ ಬೇರೆ ಎಂತ ಆಗಲಿಲ್ಲ. ಹಾಗೆ ಜಗಲಿಯಲ್ಲಿ ಪೇಪರ್ ಹಾಸಿ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನಿಗೆ ಕೊಡುವ ಭಾಗ) ಬಿಚ್ಚಿದೆ. ಅದರಲ್ಲಿ ಪೆಟ್ರೋಲ್ ನಿಲ್ಲುವ ಬೌಲಿನ ಅಡಿಯಲ್ಲಿ ಕೆಸುವಿನ ಎಲೆ ಮೇಲೆ ಉರುಳುವ ಹಾಗೆ ನೀರಿನ ಗುಂಡುಗಳು, ಮೂಲೆಯಲ್ಲಿ ಬೆಲ್ಲದ ಪಾಕದ ಹಾಗೆ ಅಂಟು. ಎಲ್ಲವನ್ನೂ ರಾತ್ರಿ ಇಡೀ ಪೆಟ್ರೋಲಲ್ಲಿ ನೆನೆಹಾಕಿ ಬೆಳಿಗ್ಗೆ ಉಜ್ಜಿ ಜೋಡಿಸಿದೆ.

ಈಗ ಸ್ಟಾರ್ಟ್ ಆಗ್ತದೆ, ಆದ್ರೆ ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗ್ಲಿಕ್ಕೆ ಗಾಳಿ ಕಮ್ಮಿ ಮಾಡುವ ಲಿವರ್) ತೆಗೆದ ಕೂಡ್ಲೇ ಆಫ್. ರೇಸ್ ಕೊಟ್ರೆ ಹೇಗೋ ಓಡ್ತದೆ, ಬಿಟ್ರೆ ಸತ್ತು ಹೋಗ್ತದೆ. ಇನ್ನೊಂದು, ಟ್ಯಾಪ್ ತೆರೆದ್ರೆ ಕೆಳಗಿನ ಪೈಪಲ್ಲಿ ಪೆಟ್ರೋಲ್ ಹನಿ ಹನಿ ಬೀಳ್ತದೆ. ಅಪ್ಪ ಎರಡು ದಿನದಿಂದ ನನ್ನ ಮುಖವನ್ನೇ ನೋಡ್ತಾ ಇಲ್ಲ. ಎಲ್ಲಿ ತಪ್ಪಿದೆ?

ಹಳೇ ಸ್ಪ್ಯಾನರ್:
ಮೊದ್ಲು ಟ್ಯಾಪ್ ಬಂದ್ ಮಾಡಿ ಮಾರಾಯ್ರೆ, ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬಿದ್ರೆ ಕಾರ್ಬೊರೇಟರ್ ಕತೆ ಬಿಡಿ, ಶೆಡ್ಡೇ ಹೋಗ್ತದೆ.

ಇದು ಎರಡು ಬೇರೆ ಬೇರೆ ರೋಗ. ಚೋಕ್ ಇದ್ರೆ ಮಾತ್ರ ಓಡ್ತದೆ ಅಂದ್ರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಒಂದೋ ಸ್ಲೋ ಜೆಟ್ (ರೇಸ್ ಕೊಡದಿದ್ದಾಗ ಪೆಟ್ರೋಲ್ ಬರುವ ಸಣ್ಣ ತೂತಿನ ಹಿತ್ತಾಳೆ ತುಂಡು) ಇನ್ನೂ ಕಟ್ಟಿದೆ, ಇಲ್ಲದಿದ್ರೆ ಕಾರ್ಬೊರೇಟರಿಗೂ ಇಂಜಿನಿಗೂ ನಡುವೆ ಗಾಳಿ ಎಳೀತಾ ಉಂಟು. ಸ್ಲೋ ಜೆಟ್ ಬಿಚ್ಚಿ ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸೂಜಿ ಮೊನೆಯಷ್ಟು ಬೆಳಕು ದುಂಡಗೆ ಕಾಣ್ಬೇಕು. ಕಾಣದಿದ್ರೆ ವಯರಿನ ಒಳಗಿನ ತಾಮ್ರದ ಒಂದೇ ಎಳೆ ಹಾಕಿ ತೆಗೀರಿ, ಪಿನ್ನು ಹಾಕ್ಬೇಡಿ, ಹಿತ್ತಾಳೆ ಮೆತ್ತಗೆ, ತೂತು ದೊಡ್ಡ ಆದ್ರೆ ಜೆಟ್ ಬಿಸಾಡ್ಲಿಕ್ಕೇ. ಗಾಳಿ ಎಳೀತದಾ ನೋಡ್ಲಿಕ್ಕೆ ಇಂಜಿನ್ ಓಡುವಾಗ ಫ್ಲೇಂಜಿನ (ಕಾರ್ಬೊರೇಟರ್ ಇಂಜಿನಿಗೆ ಬೋಲ್ಟ್ ಆಗುವ ಚಪ್ಪಟೆ ಬಾಯಿ) ಸುತ್ತ ಸೋಪು ನೀರು ಸಿಂಪಡಿಸಿ, ಶಬ್ದ ಬದಲಾದ್ರೆ ಅಲ್ಲೇ ಕಳ್ಳ ಇರುವುದು.

ಹನಿ ಬೀಳುವುದು ಫ್ಲೋಟ್ ನೀಡ್ಲಿನದ್ದು, ಬೌಲ್ ತುಂಬಿದಾಗ ತೇಲುವ ಫ್ಲೋಟ್ ಒತ್ತಿ ಪೆಟ್ರೋಲ್ ನಿಲ್ಲಿಸುವ ಸೂಜಿ ಅದು. ಅದರ ಮೊನೆಯ ರಬ್ಬರಿನಲ್ಲಿ ಉಂಗುರದ ಹಾಗೆ ಗೆರೆ ಬಿದ್ದಿದ್ರೆ ಹೊಸತು ಹಾಕಿ, ಇಲ್ಲದಿದ್ರೆ ಕೂರುವ ಜಾಗದಲ್ಲಿ ಕಸ ಇರ್ತದೆ. ಫ್ಲೋಟನ್ನು ಬಿಸಿ ನೀರಲ್ಲಿ ಮುಳುಗಿಸಿ, ಗುಳ್ಳೆ ಬಂದ್ರೆ ತೂತಾಗಿದೆ.

ಅಂದ ಹಾಗೆ ರಬ್ಬರ್ ರಿಂಗುಗಳನ್ನೂ ನೆನೆಹಾಕಿದ್ರಾ?

ಬದಿಯಡ್ಕದವ:
ಹೌದು ಎಲ್ಲ ಒಂದೇ ಡಬ್ಬಿಯಲ್ಲಿ 😬 ಫ್ಲೇಂಜಿನ ದೊಡ್ಡ ರಿಂಗ್ ಬೆಳಿಗ್ಗೆ ನೋಡಿದ್ರೆ ಉಬ್ಬಿ ಬಳೆಯ ಹಾಗೆ ಆಗಿತ್ತು, ಅದರ ಗುಳಿಯಲ್ಲಿ ಕೂರಲೇ ಇಲ್ಲ, ಒಂದು ಕಡೆ ಒತ್ತಿದ್ರೆ ಇನ್ನೊಂದು ಕಡೆ ಏಳ್ತದೆ. ಬೋಲ್ಟ್ ಗಟ್ಟಿ ಬಿಗಿದ್ರೆ ಸಾಕಾಗ್ತದೆ ಅಂತ ಬಿಟ್ಟೇ ಬಿಟ್ಟೆ.

ಹಳೇ ಸ್ಪ್ಯಾನರ್:
ಅಯ್ಯೋ ದೇವ್ರೆ! ರಿಂಗ್ ಇಲ್ಲದೆ ಬೋಲ್ಟ್ ಬಿಗಿದು ಬಿಗಿದು ಫ್ಲೇಂಜ್ ಬಾಗ್ತದೆ, ಸಪಾಟು ಗ್ಲಾಸಿನ ಮೇಲೆ ಇಟ್ಟು ಆಡ್ತದಾ ನೋಡಿ. ಆಡಿದ್ರೆ ಗ್ಲಾಸಿಗೆ ಎಮರಿ ಪೇಪರ್ ಹಾಸಿ ಹಗೂರ ಉಜ್ಜಿ ಸಮ ಮಾಡಿ. ಈಗಿನ ಪೆಟ್ರೋಲಲ್ಲಿ 20% ಎಥನಾಲ್, ಅದು ನೀರನ್ನು ಎಳ್ಕೊಳ್ತದೆ, ಹಳೇ ರಬ್ಬರಿಗೂ ಆಗ್ಬರುವುದಿಲ್ಲ. ನಮ್ಮ ಮಳೆಗಾಲದಲ್ಲಿ ಶೆಡ್ಡಲ್ಲಿ ನಿಂತ ಬೈಕಿಗೆ ಅಷ್ಟು ಸಾಕು. ಮುಂದಿನ ವರ್ಷ ಜೂನಲ್ಲಿ ಬೌಲ್ ಖಾಲಿ ಮಾಡಿಯೇ ನಿಲ್ಸಿ.

ಫಾಸ್ಟ್ ರೈಡರ್:
ಇಷ್ಟೆಲ್ಲಾ ಯಾಕೆ, ಹೊಸ ಕಾರ್ಬೊರೇಟರ್ ಒಂದು ಹಾಕಿದ್ರೆ ಆಯ್ತಲ್ಲ

ಅಕ್ಕಲಕೋಟಿ ಮಂದಿ:
ಅಣ್ಣಾರ, ಹೊಸಾದು ಅಂತ ಡುಪ್ಲಿಕೇಟ್ ಹಾಕ್ಸಿದೆ ನಾನು, ಜೆಟ್ ನಂಬರೇ ಬ್ಯಾರೆ ಇತ್ತು, ಪ್ಲಗ್ ಕಾಡಿಗಿ ಡಬ್ಬಿ ಆಗಿತ್ತು. ಕಡೀಕ ಹಳೇದನ್ನೇ ತೊಳದು ಹಾಕೀನಿ. ನಮ್ಮ ಕಡೆ ನೀರಿಂದಲ್ಲ ತ್ರಾಸು, ಧೂಳಿಂದು. ಮೊದ್ಲ ಏರ್ ಫಿಲ್ಟರ್ ನೋಡ್ರಿ, ಮತ್ತ ಮಿಕ್ಸ್ಚರ್ ಸ್ಕ್ರೂ (ಗಾಳಿ-ಪೆಟ್ರೋಲ್ ಹದಾ ಮಾಡೋದು) ಬಿಚ್ಚೂ ಮುಂದ ಎಷ್ಟು ಸುತ್ತು ಒಳಗ ಹೋಗ್ತದ ಎಣಿಸಿ ಬರದಿಟ್ಕೋರಿ. ಎಣಿಸಿಲ್ಲಂದ್ರ ಮೆಲ್ಲಕ ಪೂರಾ ಮುಚ್ಚಿ ಒಂದೂವರಿ ಸುತ್ತು ಹೊರಗ ತಿರುಗಿಸ್ರಿ, ಇಂಜಿನ್ ಕಾಯ್ದ ಮ್ಯಾಲ ಸ್ವಲ್ಪ ಅತ್ತಿತ್ತ ಮಾಡಿ ಎಲ್ಲಿ ಚಂದ ಓಡ್ತದ ಅಲ್ಲೇ ಬಿಡ್ರಿ. ಈಗಿನ ಹುಡುಗ್ರಿಗೆ ಇದು ಗೊತ್ತಿಲ್ಲ ಬಿಡ್ರಿ, 2020ರ ಏಪ್ರಿಲ್‌ದಾಗ ಬಿಎಸ್6 ಹೊಗಿ ನಿಯಮ ಬಂತು, ಕಾರ್ಬೊರೇಟರ್ ಹೋಗಿ ಹೆಚ್ಚೂಕಡಿಮಿ ಎಲ್ಲಾ ಇಂಜೆಕ್ಷನ್ ಆತು, ಲ್ಯಾಪ್‌ಟಾಪ್ ಹಚ್ಚಿ ನೋಡ್ತಾರ.

ಬದಿಯಡ್ಕದವ:
ಅಪ್‌ಡೇಟ್. ಪೇಟೆಯ ಸ್ಪೇರ್ ಅಂಗಡಿಗೆ ಉಬ್ಬಿದ ರಿಂಗನ್ನೇ ತಗೊಂಡು ಹೋದೆ, ಅಲ್ಲಿದ್ದ ಏಟ್ಟ (ಮಲಯಾಳದಲ್ಲಿ ಅಣ್ಣ) ನೋಡಿ ನಗಾಡಿ, ಹಳೇ ಮಾದರಿಯದ್ದು ಹುಡುಕಿ ಕೊಟ್ರು. ಹಳೇದು ಎರಡು ದಿನ ಬಿಸಿಲಲ್ಲಿ ಒಣಗಿ ಅರ್ಧ ಸಣ್ಣ ಆಗಿದೆ, ಆದ್ರೂ ಹಾಕ್ಲಿಲ್ಲ. ಫ್ಲೇಂಜ್ ಸ್ವಲ್ಪ ಆಡ್ತಿತ್ತು, ಉಜ್ಜಿದೆ. ಸ್ಲೋ ಜೆಟ್ ಬೆಳಕಿಗೆ ಹಿಡಿದ್ರೆ ಪೂರ್ತಿ ಕತ್ತಲೆ, ನಾನು ಉಜ್ಜಿದ್ದು ಬರೀ ಹೊರಗಿನದ್ದು! ತಾಮ್ರದ ಎಳೆ ಹಾಕಿದಾಗ ಕಂದು ಬಣ್ಣದ ಪೊರೆ ಕಿತ್ತು ಬಂತು.

ಮಧ್ಯೆ ಒಂದು ಅವಾಂತರ ಆಯ್ತು, ಥ್ರಾಟಲ್ ಸ್ಲೈಡ್ (ರೇಸ್ ಕೊಟ್ಟಾಗ ಮೇಲೆ ಏಳುವ ತುಂಡು) ತಿರುಗಾಮುರುಗಾ ಕೂತು ಸ್ಟಾರ್ಟ್ ಆದ ಕೂಡ್ಲೇ ಬೈಕ್ ಬೊಬ್ಬೆ ಹೊಡೀಲಿಕ್ಕೆ ಸುರು, ಕೀ ತಿರುಗಿಸಿ ಆಫ್ ಮಾಡಿದೆ. ಸ್ಲೈಡಿನ ಗೆರೆ ಒಳಗಿನ ಪಿನ್ನಿಗೆ ಸರಿ ಕೂತ್ಕೊಳ್ಬೇಕು ಅಂತ ಆಮೇಲೆ ಗೊತ್ತಾಯ್ತು.

ಈಗ ಚೋಕ್ ಇಲ್ಲದೆ ಓಡ್ತದೆ. ಹನಿ ನಿಂತಿದೆ, ಸೈಡ್ ಸ್ಟ್ಯಾಂಡಲ್ಲಿ ಇಟ್ರೆ ಮಾತ್ರ ಎರಡು ಹನಿ ಬೀಳ್ತದೆ, ಟ್ಯಾಪ್ ಬಂದ್ ಮಾಡಿ ಇಡ್ತೇನೆ. ಅಪ್ಪ ಸಂಜೆ ತಾವೇ ಕಿಕ್ ಹೊಡೆದು ನೀರ್ಚಾಲಿಗೆ ಹೋಗಿದ್ದಾರೆ, ಇನ್ನೂ ಬರ್ಲಿಲ್ಲ 🙏