ಟೇಪ್ ಕಿತ್ತರೆ ಕೆಂಪು ಬಿಳಿಯೊಳಗೆ ಇಳಿದಿದೆ: 1/72 ಹಾಕ್, ಸೂರ್ಯಕಿರಣ್ ಬಣ್ಣ

ರೆಕ್ಕೆಪುಕ್ಕ:
1/72 ಅಳತೆಯ (ನಿಜವಾದದ್ದರ 72ನೇ ಒಂದು ಭಾಗ) ಹಾಕ್ ಜೆಟ್ ವಿಮಾನದ ಪ್ಲಾಸ್ಟಿಕ್ ಮಾದರಿಗೆ ನಮ್ಮ ವಾಯುಪಡೆಯ ಕಸರತ್ತು ಪ್ರದರ್ಶನ ತಂಡವಾದ ಸೂರ್ಯಕಿರಣ್‌ನ ಕೆಂಪು-ಬಿಳಿ ಬಣ್ಣ ಹಾಕುತ್ತಿದ್ದೇನೆ. ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಾಕುವ ತಳದ ಕೋಟ್) ಹಾಕಿಲ್ಲ. ಪ್ಲಾಸ್ಟಿಕ್ ಮೇಲೆ ನೇರವಾಗಿ ನೀರಿನ ಅಕ್ರಿಲಿಕ್ ಬಿಳಿ, 4 ಗಂಟೆ ಬಿಟ್ಟು ಹಳದಿ ಮಾಸ್ಕಿಂಗ್ ಟೇಪ್, ಮೇಲೆ ತಮಿಯಾ ಕಂಪನಿಯ ಎಕ್ಸ್-7 ಅಕ್ರಿಲಿಕ್ ಕೆಂಪು. ಏರ್‌ಬ್ರಷ್ (ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ) ಒತ್ತಡ 25 ಪಿಎಸ್‌ಐ, ಎರಡು ದಪ್ಪ ಕೋಟ್. ಟೇಪ್ ಕಿತ್ತಿದ್ದು ಮರುದಿನ. ಪ್ಯಾನೆಲ್ ಗೆರೆಗಳು (ವಿಮಾನದ ತಗಡುಗಳ ಸಂದು ತೋರಿಸಲು ಕೆತ್ತಿದ ಗೆರೆಗಳು) ಇರುವ ಕಡೆ ಕೆಂಪು ಕೂದಲೆಳೆಗಳಂತೆ ಬಿಳಿಗೆ ನುಗ್ಗಿದೆ. ಎಡ ರೆಕ್ಕೆಯಲ್ಲಿ ಬಿಳಿ ಟೇಪ್ ಜೊತೆಗೇ ಎದ್ದುಬಂತು. ಉಳಿದ ಕಡೆ ಅಂಚು ನೇರವಾಗಿದ್ದರೂ ಉಗುರಿಗೆ ತಡೆಯುವಷ್ಟು ಏಣು ನಿಂತಿದೆ. ಇನ್ನೂ ಒಳ್ಳೆಯ ಟೇಪ್ ತಗೋಬೇಕಾ?

ಅಂಚುಗಾರ:
ಟೇಪನ್ನು ಬೈಯಬೇಡಿ ಸರ್. ಇಲ್ಲಿ ಮೂರು ಕಾಯಿಲೆ ಒಟ್ಟಿಗೆ ಇವೆ, ಒಂದೇ ಮದ್ದು ಆಗಲ್ಲ.

ಮೊದಲು ಸೋರಿಕೆ. ಕೆತ್ತಿದ ಗೆರೆಯ ಮೇಲೆ ಟೇಪ್ ಸೇತುವೆ ಥರ ನಿಲ್ಲುತ್ತದೆ, ಕೆಳಗೆ ಸಣ್ಣ ಕಾಲುವೆ ಉಳಿಯುತ್ತದೆ. ಒದ್ದೆ ಬಣ್ಣ ಅಲ್ಲಿ ಬಿದ್ದರೆ ಬತ್ತಿಯಲ್ಲಿ ಎಣ್ಣೆ ಏರಿದಂತೆ ಒಳಗೆ ಎಳೆದುಕೊಳ್ಳುತ್ತದೆ, 25 ಪಿಎಸ್‌ಐ ಗಾಳಿ ಹಿಂದಿನಿಂದ ತಳ್ಳುತ್ತದೆ. 0.3 ಮಿ.ಮೀ. ಸೋರಿದರೂ ನಿಜವಾದ ವಿಮಾನದ ಲೆಕ್ಕದಲ್ಲಿ 2 ಸೆಂ.ಮೀ. ದಾಟುತ್ತದೆ, ಕಣ್ಣಿಗೆ ಹೊಡೆಯದೇ ಇರುತ್ತದಾ? ಮಾಡಬೇಕಾದ್ದು ಇಷ್ಟು: ರೋಲಿನ ಅಂಚಿಗೆ ಧೂಳು, ನಾರು ಮೆತ್ತಿಕೊಂಡಿರುತ್ತದೆ, ಅದನ್ನು ಬಳಸಬೇಡಿ. ಟೇಪನ್ನು ಗಾಜಿನ ಮೇಲೆ ಅಂಟಿಸಿ ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಹೊಸ ಅಂಚು ಕತ್ತರಿಸಿ. ಮಾದರಿಗೆ ಅಂಟಿಸಿದ ಮೇಲೆ ಪ್ರತಿ ಪ್ಯಾನೆಲ್ ಗೆರೆಯಲ್ಲೂ ಮೊಂಡು ಮಾಡಿದ ಹಲ್ಲುಕಡ್ಡಿಯಿಂದ ಟೇಪನ್ನು ಗೆರೆಯೊಳಕ್ಕೆ ಒತ್ತಿ.

ಆಮೇಲೆ ಇದರಲ್ಲೇ ಮುಖ್ಯವಾದ ಹೆಜ್ಜೆ, ಎಲ್ಲರೂ ಬಿಡುವುದೂ ಇದನ್ನೇ: ಕೆಂಪಿಗೆ ಮೊದಲು ಟೇಪಿನ ಅಂಚಿಗೆ ಅದೇ ಬಿಳಿಯನ್ನು ಎರಡು ತೆಳು ಕೋಟ್ ಹೊಡೆಯಿರಿ, 10 ನಿಮಿಷ ಒಣಗಲಿ. ಸೋರಬೇಕಾದ ಜಾಗಕ್ಕೆಲ್ಲ ಬಿಳಿ ಸೋರಿ ಕಿಂಡಿ ಮುಚ್ಚುತ್ತದೆ. ಬಿಳಿಯೊಳಗೆ ಬಿಳಿ ಸೋರಿದರೆ ಯಾರಿಗೂ ಕಾಣಲ್ಲ.

ರೆಕ್ಕೆಪುಕ್ಕ:
ಬಿಳಿ ಬದಲು ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಲೇಪ) ಹೊಡೆದು ಕಿಂಡಿ ಮುಚ್ಚಿದರೆ ಆಗಲ್ವಾ?

ಅಂಚುಗಾರ:
ಆಗುತ್ತದೆ. ಕ್ಯಾಮೊಫ್ಲಾಜ್‌ನಲ್ಲಿ ಒಂದೇ ಟೇಪಿನಡಿ ಎರಡು ಮೂರು ಬಣ್ಣ ಇದ್ದಾಗ ಕ್ಲಿಯರೇ ಅನುಕೂಲ. ಆದರೆ ಇಲ್ಲಿ ಹೊಳಪು ಬಿಳಿ ಇದೆ. ಕ್ಲಿಯರ್ ಸ್ವಲ್ಪ ಹಳದಿ ತಿರುಗಿದರೂ ಅಂಚಿನಲ್ಲಿ ಗೆರೆ ಕಾಣುತ್ತದೆ. ಬಿಳಿಯೇ ವಾಸಿ.

ಥಿನ್ನರ್_ಬುಡ್ಡಿ:
ಬಿಳಿ ಎದ್ದುಬಂದದ್ದು ಪ್ರೈಮರ್ ಇಲ್ಲದ್ದರಿಂದ. ನೀರಿನ ಅಕ್ರಿಲಿಕ್ ಪ್ಲಾಸ್ಟಿಕ್ಕನ್ನು ಕಚ್ಚಿಕೊಳ್ಳುವುದಿಲ್ಲ, ಹಾಲಿನ ಕೆನೆಯಂತೆ ಮೇಲೆ ಕೂರುತ್ತದೆ. 4 ಗಂಟೆಯೂ ಸಾಲದು, ಕನಿಷ್ಠ 24 ಬೇಕು. ಭಾಗಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಮಿಸ್ಟರ್ ಸರ್ಫೇಸರ್ 1200 ಅಥವಾ 1500 ಪ್ರೈಮರ್ ಹಾಕಿ. ಬಿಳಿಗೆ ಲ್ಯಾಕರ್ (ನೀರಿನ ಬದಲು ಘಾಟು ದ್ರಾವಕದಲ್ಲಿ ಕರಗಿಸಿದ ಗಟ್ಟಿ ಬಣ್ಣ) ಬಳಸಿ, ತಮಿಯಾ ಎಲ್‌ಪಿ-2 ಸಾಕು: ಬಣ್ಣ 1, ಲ್ಯಾಕರ್ ಥಿನ್ನರ್ 1ರಿಂದ 1.5. ಕಿಟಕಿ ತೆರೆದಿಡಿ, ಆವಿಗೆ ಸರಿಯಾದ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆ ಕಟ್ಟಿಕೊಂಡರೆ ಪ್ರಯೋಜನ ಇಲ್ಲ. ಟೇಪ್ ಅಂಟಿಸುವ ಮುಂಚೆ ಅಂಗೈ ಹಿಂಭಾಗಕ್ಕೆ ಎರಡು ಸಲ ಅಂಟಿಸಿ ಕಿತ್ತು ಜಿಗುಟು ಕಡಿಮೆ ಮಾಡಿ.

ಲ್ಯಾಕರ್ ಬಿಳಿಯ ಮೇಲೆ ತಮಿಯಾ ಅಕ್ರಿಲಿಕ್ ಕೆಂಪು ಹಾಕುವುದರಲ್ಲಿ ಇನ್ನೊಂದು ಲಾಭ. ಕೆಂಪು ಚೂರು ಸೋರಿದರೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಹಿಂಡಿದ ಹತ್ತಿಕಡ್ಡಿಯಿಂದ ಒರೆಸಬಹುದು. ಕೆಂಪು ಕರಗುತ್ತದೆ, ಚೆನ್ನಾಗಿ ಒಣಗಿದ ಲ್ಯಾಕರ್ ಬಿಳಿ ಅಲುಗುವುದಿಲ್ಲ. ನಿಮ್ಮ ಈಗಿನ ಬಿಳಿಗೆ ಇದನ್ನು ಮಾಡಬೇಡಿ, ಎರಡೂ ಒಟ್ಟಿಗೆ ಹೋಗುತ್ತವೆ.

ರೆಕ್ಕೆಪುಕ್ಕ:
ಹಾಗಾದರೆ ಈಗಿನದನ್ನು ತೇಪೆ ಹಾಕೋದಾ, ಪೂರ್ತಿ ತೆಗೆಯೋದಾ?

ಥಿನ್ನರ್_ಬುಡ್ಡಿ:
ತೆಗೆಯಿರಿ. ಅಡಿಪಾಯವೇ ಸಡಿಲ, ತೇಪೆ ಹಾಕಿದ್ದು ಮುಂದಿನ ಟೇಪಿಗೆ ಮತ್ತೆ ಏಳುತ್ತದೆ. ಕ್ಯಾನೊಪಿ (ಪೈಲಟ್ ತಲೆ ಮೇಲಿನ ಪಾರದರ್ಶಕ ಮುಚ್ಚಳ) ಅಂಟಿಸಿಲ್ಲ ತಾನೆ? ಅದೇ ಆಲ್ಕೋಹಾಲ್‌ನಲ್ಲಿ ನೆನೆಸಿ ಹಳೆ ಟೂತ್‌ಬ್ರಷ್‌ನಿಂದ ಉಜ್ಜಿದರೆ ಬರುತ್ತದೆ, ಪ್ಲಾಸ್ಟಿಕ್ಕಿಗೆ ಏನೂ ಆಗಲ್ಲ. ಹತ್ತಿರ ಬೆಂಕಿ ಬೇಡ.

ಅಂಚುಗಾರ:
ಏಣಿನ ಮಾತು ಬಾಕಿ ಇದೆ. ದಪ್ಪ ಕೋಟ್ ಟೇಪಿನ ಗೋಡೆಗೆ ಒರಗಿ ಒಣಗಿದ್ದೇ ಏಣು. ಎಕ್ಸ್-7ಗೆ ಎಕ್ಸ್-20ಎ ಥಿನ್ನರ್ ಸಮಸಮ ಹಾಕಿ, ಒತ್ತಡ 12-15 ಪಿಎಸ್‌ಐ, 6-8 ಸೆಂ.ಮೀ. ದೂರ. ಟೇಪಿನ ಕಡೆಯಿಂದ ಬಯಲಿನ ಕಡೆಗೆ ಹೊಡೆಯಿರಿ, ಎದುರು ದಿಕ್ಕಿನಲ್ಲಿ ಹೊಡೆದರೆ ಗಾಳಿ ಬಣ್ಣವನ್ನು ಅಂಚಿನಡಿಗೆ ತುರುಕುತ್ತದೆ. ಮೊದಲ ಕೋಟ್‌ನಲ್ಲೇ ಕೆಂಪಾಗಲಿ ಅಂತ ಆಸೆಪಡಬೇಡಿ. ಗುಲಾಬಿ ಕಂಡರೆ ಸಾಕು. ನಾಲ್ಕೈದು ಕೋಟ್‌ಗೆ ಕೆಂಪು ತುಂಬುತ್ತದೆ, ತಳದ ಬಿಳಿಯಿಂದ ಹೊಳಪೂ ಬರುತ್ತದೆ.

ಕೊನೆಯ ಕೋಟ್ ಕೈಗಂಟದಷ್ಟು ಒಣಗಿದಾಗ, ಅಂದರೆ 20-30 ನಿಮಿಷಕ್ಕೆ, ಟೇಪ್ ತೆಗೆಯಿರಿ. ಮರುದಿನಕ್ಕೆ ಬಿಟ್ಟರೆ ಪೊರೆ ಗಟ್ಟಿಯಾಗಿ ಚಕ್ಕೆ ಏಳುತ್ತದೆ. ಮೇಲಕ್ಕೆ ಎತ್ತಬೇಡಿ, ತನ್ನ ಮೇಲೇ ಮಡಚಿಕೊಂಡು ಬರುವಂತೆ ಹಿಂದಕ್ಕೆ ನಿಧಾನ ಎಳೆಯಿರಿ. ಅಷ್ಟಾದರೂ ಏಣು ಉಳಿದರೆ ಎರಡು ದಿನ ಬಿಟ್ಟು 3000 ಗ್ರಿಟ್ ಕಾಗದವನ್ನು ನೀರಲ್ಲಿ ಅದ್ದಿ ನಾಲ್ಕು ಸಲ ಸವರಿ.

ಬಾಗಿದ ಅಂಚಿಗೆ ಅಗಲ ಟೇಪ್ ಬಗ್ಗುವುದಿಲ್ಲ, ಸುಕ್ಕಾಗುತ್ತದೆ. 1.5-2 ಮಿ.ಮೀ. ಪಟ್ಟಿ ಕತ್ತರಿಸಿ ಮೊದಲು ಗೆರೆ ಎಳೆದು, ಹಿಂದಿನ ಜಾಗ ಆಮೇಲೆ ಮುಚ್ಚಿ. ಬಿಳಿ ವಿನೈಲ್ ಟೇಪ್ ಚೆನ್ನಾಗಿ ಬಾಗುತ್ತದೆ. ಎಳೆದು ಅಂಟಿಸಿದರೆ ಮಾತ್ರ ಅರ್ಧ ಗಂಟೆಯಲ್ಲಿ ಕುಗ್ಗಿ ತುದಿ ಮೇಲೇಳುತ್ತದೆ.

ಥಿನ್ನರ್_ಬುಡ್ಡಿ:
ಕರಾವಳಿಯವರಾದರೆ ಆಷಾಢದಲ್ಲಿ ಲ್ಯಾಕರ್ ಹೊಡೆಯುವಾಗ ಜೋಪಾನ. ಥಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗುತ್ತದೆ, ತೇವ ಕೂತು ಹೊಳಪಿನ ಮೇಲೆ ಬೂದಿ ಹಚ್ಚಿದಂತೆ ಮಬ್ಬು ಬರುತ್ತದೆ. ನಿಧಾನ ಆರುವ ಲೆವೆಲಿಂಗ್ ಥಿನ್ನರ್ ಬಳಸಿ, ಇಲ್ಲವೇ ಮಳೆ ಬಿಡುವ ದಿನ ನೋಡಿ.

ರೆಕ್ಕೆಪುಕ್ಕ:
ಹೇಳಿದ ಹಾಗೇ ಪ್ಲಾಸ್ಟಿಕ್ ಚಮಚದ ಮೇಲೆ ಹೊಡೆದು ನೋಡಿದೆ. ಗೆರೆ ಬ್ಲೇಡಿನಲ್ಲಿ ಕೊಯ್ದಂತಿದೆ. ಎರಡು ಟೇಪ್ ಮೂಲೆಯಲ್ಲಿ ಕೂಡುವ ಕಡೆ ಮಾತ್ರ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ.

ಅಂಚುಗಾರ:
ಒಂದರ ಮೇಲೊಂದು ಟೇಪ್ ಹತ್ತಿದ ಕಡೆ, ಮೇಲಿನ ಟೇಪ್ ಕೆಳಗಿಳಿಯುವ ಜಾಗದಲ್ಲಿ ಮುಕ್ಕೋನದ ಸಂದು ಉಳಿಯುತ್ತದೆ. ಬಿಳಿ ಹೊಡೆಯುವ ಮುಂಚೆ ಅಲ್ಲಿಗೆ ಹಲ್ಲುಕಡ್ಡಿಯ ತುದಿಯಿಂದ ಮಾಸ್ಕಿಂಗ್ ದ್ರವ (ಒಣಗಿದ ಮೇಲೆ ಟೇಪಿನಂತೆ ಸುಲಿದು ತೆಗೆಯುವ ದ್ರವ) ಒಂದು ಹನಿ ಇಟ್ಟು 15 ನಿಮಿಷ ಬಿಡಿ.